ಇಪ್ಪತ್ತನಾಲ್ಕು ಅಮಾವಾಸ್ಯೆಯ ಕೆನಡಾ

ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂಬ ಭ್ರಮೆ ಮೊನ್ನೆ ಮೊನ್ನೆಯವರೆಗೂ ಇತ್ತು. ಮರಗೆಲಸದವನಿಗೆ ಅಳತೆಯೇ ಉಸಿರು. ಒಂದು ನೂಲಿನಷ್ಟು ತಪ್ಪಿದರೂ ಕದ ಚೌಕಟ್ಟಿನೊಳಗೆ ಕೂರುವುದಿಲ್ಲ. ಅಂಥ ನಾನು ಇಡೀ ಇಪ್ಪತ್ತೆರಡು ದಿನ ತಪ್ಪಿದ್ದೆ ಎಂದರೆ ನೀವು ನಂಬಲಾರಿರಿ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ನಮ್ಮದು ದೇವಲಾಪುರದ ಆಚಾರ್ರ ಮನೆ. ಐದು ವರ್ಷದ ಹಿಂದೆ ನಾನು, ಹೆಂಡತಿ ಸಾವಿತ್ರಿ, ಪುಟ್ಟ ಮಗಳು ಮೂವರೂ ಕೆನಡಾಕ್ಕೆ ಹೋದೆವು. ಸಾವಿತ್ರಿ ನರ್ಸು. ಅವಳ ಪುಣ್ಯದಿಂದ ನಮಗೂ ಆ ದೇಶದ ಕಾಯಂ ನಿವಾಸಿ ಎಂಬ ಕಾರ್ಡು ಸಿಕ್ಕಿತು. ಕಾಯಂ ಎಂದ ಮೇಲೆ ಕಾಯಂ ಎಂದುಕೊಂಡಿದ್ದೆ. ಐದು ವರ್ಷದಲ್ಲಿ ಏಳುನೂರ ಮೂವತ್ತು ದಿನವಾದರೂ ಅಲ್ಲೇ ಇರಬೇಕು, ಇಲ್ಲದಿದ್ದರೆ ಅದು ಕೈತಪ್ಪಬಹುದು ಎಂದು ತಿಳಿದಾಗ ಬೆಚ್ಚಿಬಿದ್ದೆ. ನಮ್ಮೂರಲ್ಲಿ ಯಾರೂ ಯಾರ ದಿನವನ್ನೂ ಎಣಿಸಿದವರಲ್ಲ. ನಮ್ಮ ದೊಡ್ಡಪ್ಪ ಮುಂಬೈಗೆ ಹೋದವನು ಹದಿನೆಂಟು ವರ್ಷ ಪತ್ತೆಯಿರಲಿಲ್ಲ. ಒಂದು ಮಧ್ಯಾಹ್ನ ಬಂದು ಜಗಲಿಯ ಮೇಲೆ ಕೂತು, "ಮುದ್ದೆ ಐತಾ?" ಎಂದ. ಅವನು ಈ ಮನೆಯ ನಿವಾಸಿ ಹೌದೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ. ದೊಡ್ಡಮ್ಮ ಮಾತ್ರ ಸೌಟು ಹಿಡಿದುಕೊಂಡು ಹೊರಗೆ ಬಂದಳು.

ನಮ್ಮ ಕಸುಬಿನಲ್ಲಿ ಅಮಾವಾಸ್ಯೆಯ ದಿನ ಉಳಿ ಮುಟ್ಟುವಂತಿಲ್ಲ. ಅಪ್ಪ ನನ್ನನ್ನು ವಿಮಾನ ಹತ್ತಿಸಿದ್ದು ಕೂಡ ಅಮಾವಾಸ್ಯೆ ಕಳೆದ ಮಾರನೆಯ ದಿನವೇ. ಅಲ್ಲಿ ನನಗೆ ಅಡುಗೆಮನೆಯ ಕಪಾಟು ಮಾಡುವ ಕೆಲಸ. ತಿಂಗಳಿಗೊಂದು ದಿನ ರಜಾ ಕೇಳಿದಾಗ ಮಾಲೀಕ ಕಾರಣ ಕೇಳಿದ. ಅವತ್ತು ಚಂದ್ರ ಕಾಣುವುದಿಲ್ಲ ಎಂದೆ. ಬಹಳ ಹೊತ್ತು ನನ್ನ ಮುಖ ನೋಡಿ ರಜಾ ಕೊಟ್ಟ. ಒಂದೊಂದು ರಜಾಕ್ಕೂ ಅಳತೆಪಟ್ಟಿಯ ಹಿಂಬದಿಯಲ್ಲಿ ಒಂದೊಂದು ಗೀಟು ಹಾಕುತ್ತ ಬಂದೆ. ಹನ್ನೆರಡು ಗೀಟಿಗೆ ಒಂದು ವರ್ಷ, ಇಪ್ಪತ್ತನಾಲ್ಕಕ್ಕೆ ಎರಡು. ಇಪ್ಪತ್ತನಾಲ್ಕನೆಯ ಗೀಟು ಎಳೆದ ದಿನವೇ ಅಪ್ಪ ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ಬಂತು. ಹೇಗೂ ಎರಡು ವರ್ಷ ತುಂಬಿತಲ್ಲ, ಸರ್ಕಾರ ಕೇಳಿದ್ದು ಕೊಟ್ಟಾಯಿತು ಎಂದು ಮಾರನೆಯ ದಿನವೇ ಹೆಂಡತಿ ಮಗಳನ್ನು ಅಲ್ಲೇ ಬಿಟ್ಟು ಒಬ್ಬನೇ ಊರಿಗೆ ಹೊರಟುಬಿಟ್ಟೆ. ಒಂದು ತಿಂಗಳಿಗೆಂದು ಬಂದವನು ಮೂರು ವರ್ಷ ಊರಲ್ಲೇ ನಿಂತೆ.

ಅದಕ್ಕೆ ಕಾರಣ ಬಾಗಿಲು. ನಮ್ಮ ಕಡೆ ಹೊಸ ಮನೆಗೆ ಬಾಗಿಲ ಚೌಕಟ್ಟು ನಿಲ್ಲಿಸಿ, ಪೂಜೆ ಮುಗಿಸಿ, ತಾಂಬೂಲ ತೆಗೆದುಕೊಂಡ ಆಚಾರಿಯೇ ಆ ಮನೆಗೆ ಕದವನ್ನೂ ಹಾಕಬೇಕು. ನಡುವೆ ಕೈಬಿಟ್ಟರೆ ಮನೆಗೂ ಒಳ್ಳೆಯದಲ್ಲ, ಆಚಾರಿಗೂ ಒಳ್ಳೆಯದಲ್ಲ. ಅಪ್ಪ ಮಲಗಿದ್ದಾಗ, ಅವನು ನಿಲ್ಲಿಸಿದ್ದ ಬಾಗಿಲಿಗೆ ಕದ ಹಾಕಲು ಕೆ.ಆರ್.ಪೇಟೆಗೆ ಹೋದೆ. ಅದು ಮುಗಿಯುವಷ್ಟರಲ್ಲಿ ಗಂಜಾಂನಲ್ಲಿ ಒಬ್ಬರು ಕೈಗೆ ತಾಂಬೂಲ ಇಟ್ಟರು. ಅಲ್ಲಿಗೆ ಕದ ಕೂರಿಸಿದಾಗ ಇನ್ನೊಬ್ಬರು, ಹೀಗೆ ಒಂದರ ಹಿಂದೊಂದು ಬಾಗಿಲಾಗಿ ಕೊನೆಗೆ ಪಾಂಡವಪುರದ ಪುಟ್ಟೇಗೌಡರು ಬಂದರು. ಆಗುವುದಿಲ್ಲ ಎಂಬ ಮಾತು ನನ್ನ ಬಾಯಲ್ಲಿ ಹುಟ್ಟಿಯೇ ಇಲ್ಲ. ಪ್ರತಿ ಭಾನುವಾರ ಸಾವಿತ್ರಿ "ಯಾವಾಗ?" ಎನ್ನುವಳು, ನಾನು "ಇದೊಂದು ಕದ" ಎನ್ನುವೆ. ಮಗಳು ಗೆಳತಿಯರಿಗೆ ನನ್ನನ್ನು ಫೋನಿನೊಳಗಿರುವ ಅಪ್ಪ ಎಂದು ತೋರಿಸಿದಳಂತೆ. ನಾನು ಜೋರಾಗಿ ನಕ್ಕಿದ್ದೆ. ನಗುವಂಥದ್ದೇನಿತ್ತೋ ಈಗ ಹೊಳೆಯುತ್ತಿಲ್ಲ.

ಪುಟ್ಟೇಗೌಡರ ಬಾಗಿಲು ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ತಾಂಬೂಲವನ್ನು ಜೇಬಿಗೆ ಇಳಿಸಿದ್ದೆನಷ್ಟೇ, ಫೋನು ಬಂತು.

"ರೀ, ಕಾರ್ಡ್ ರಿನೀವಲ್ ಮಾಡ್ಸಕ್ಕೆ ನೀವು ಬಂದ ತಾರೀಖು, ವೋದ ತಾರೀಖು ಆಕಿ ನೋಡ್ದೆ. ನೀವು ಇಲ್ಲಿದ್ದದ್ದು ಏಳ್ನೂರ ಎಂಟೇ ದಿನ" ಎಂದಳು ಸಾವಿತ್ರಿ.

"ಎಲ್ಡು ವರ್ಸ ಇರ್ಲಿಲ್ವಾ? ಇಪ್ಪತ್ನಾಕು ಅಮಾಸೆಗೆ ಇಪ್ಪತ್ನಾಕು ಗೀಟಾಕಿವ್ನಿ ಕಣೆ!"

ಅವಳು ಬಹಳ ಮೆಲ್ಲಗೆ ಕೇಳಿದಳು: "ಅಮಾಸೆಯಿಂದ ಅಮಾಸೆಗೆ ಎಷ್ಟು ದಿನ ಅನ್ಕಂಡಿದ್ರಿ?"

"ಒಂದು ತಿಂಗ್ಳು."

"ಇಪ್ಪತ್ತೊಂಬತ್ತೂವರೆ ದಿನ ಕಣ್ರೀ! ಅದ್ಕೇ ಅಲ್ವಾ ಪಂಚಾಂಗದಲ್ಲಿ ಅಧಿಕ ಮಾಸ ಅಂತ ಒಂದು ಸೇರ್ಸೋದು? ಐದು ವರ್ಸ ತುಂಬಕ್ಕೆ ಇನ್ನು ಮೂವತ್ಮೂರು ದಿನ ಐತೆ. ನಿಮ್ಗೆ ಬೇಕಿರೋದು ಇಪ್ಪತ್ತೆರಡು. ಅನ್ನೊಂದು ದಿನದೊಳ್ಗೆ ಬಂದ್ರೆ ಸರಿ. ಇಲ್ದಿದ್ರೆ ಆ ಬಾಗ್ಲ ಜೊತೇಲೇ ಸಂಸಾರ ಮಾಡ್ಕಂಡಿರಿ."

ಕೈಯಲ್ಲಿದ್ದ ಕೊಡತಿ ಕಾಲಿನ ಮೇಲೆ ಬಿತ್ತು. ನೋವೇ ಆಗಲಿಲ್ಲ. ಆ ನೋವು ಸಂಜೆ ಬಂತು. ಪಂಚಾಂಗ ನೋಡದೆ ಮೊಳೆ ಕೂಡ ಹೊಡೆಯದ ವಂಶದಲ್ಲಿ ಹುಟ್ಟಿ, ಅದೇ ಪಂಚಾಂಗದ ತಿಂಗಳಿಗೆ ಎಷ್ಟು ದಿನ ಎಂದು ನಾನು ಒಮ್ಮೆಯೂ ಎಣಿಸಿರಲಿಲ್ಲ! ಮಗಳ ಪಾಲಿಗೆ ನಾನು ಇನ್ನು ಫೋನಿನೊಳಗೇ ಉಳಿದುಬಿಟ್ಟರೆ ಎಂಬ ಭಯ ಹಿಡಿಯಿತು. ಪುಟ್ಟೇಗೌಡರು ಕುಂಕುಮದ ತಟ್ಟೆ ಹಿಡಿದುಕೊಂಡೇ, "ಅಂಗಾರೆ ನಮ್ ಕದ, ಆಚಾರ್ರೆ?" ಎಂದರು.

ಶ್ರೀರಂಗಪಟ್ಟಣದಲ್ಲಿ ಟಿಕೆಟು ಮಾಡಿಸುವ ಅಂಗಡಿಗೆ ಓಡಿದೆ. ಮಕ್ಕಳಿಗೆಲ್ಲ ಶಾಲೆಗೆ ರಜಾ ಬಿಟ್ಟಿದ್ದ ಕಾಲ, ವಿಮಾನಗಳೆಲ್ಲ ಭರ್ತಿ. ಹನ್ನೊಂದು ದಿನದಲ್ಲಿ ಒಂದೇ ಒಂದು ದಿನ ಒಂದೇ ಒಂದು ಸೀಟಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಪಕ್ಕ ದುಂಡಗೆ ಕಪ್ಪು ಚುಕ್ಕೆ. ಅಮಾವಾಸ್ಯೆ! ಮನೆಗೆ ಹೋಗಿ ಅಪ್ಪನ ಮುಂದೆ ತಲೆ ತಗ್ಗಿಸಿ ನಿಂತೆ. ಎಪ್ಪತ್ತು ವರ್ಷದಲ್ಲಿ ಒಂದು ಅಮಾವಾಸ್ಯೆಯನ್ನೂ ಮೀರದ ಜೀವ ಅದು. ಎಲ್ಲ ಕೇಳಿಸಿಕೊಂಡು, ಕೋಲೂರಿ ಎದ್ದ.

"ಅಮಾಸೆ ದಿನ ಉಳಿ ಮುಟ್ಬ್ಯಾಡ ಅಂದಿದ್ದೆ ಕಣ್ಲಾ. ಎಡ್ತಿ ಮಗೀನ ತಾವ್ಕೆ ವೋಗ್ಬ್ಯಾಡ ಅಂದಿದ್ನಾ? ನಡಿ, ಬಟ್ಟೆ ಜೋಡ್ಸ್ಕೊ."

ಹೀಗೆ ಅಮಾವಾಸ್ಯೆಯಂದೇ ಹೊರಟೆ. ಕೆನಡಾದ ವಿಮಾನ ನಿಲ್ದಾಣದಲ್ಲಿ ಮಗಳು ನನ್ನನ್ನು ನೋಡಿದ ತಕ್ಷಣ ಓಡಿ ಬರಲಿಲ್ಲ. ಹತ್ತಿರ ಬಂದು ನನ್ನ ಕೈಯನ್ನು ಬೆರಳಿನಿಂದ ಒತ್ತಿ ನೋಡಿದಳು. ನನಗೆ ಅಳು ಬಂತು. ಅಂದಿನಿಂದ ಅವಳೇ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತ ಬಂದಳು. ಗೀಟು ಹಾಕುವ ಅಧಿಕಾರ ನನಗಿರಲಿಲ್ಲ.

ಇಪ್ಪತ್ತೆರಡನೆಯ ದಿನ ಸಾವಿತ್ರಿ ಪಾಯಸ ಮಾಡಿದಳು. ಬಡಿಸುವ ಹೊತ್ತಿಗೆ ಪುಟ್ಟೇಗೌಡರ ಫೋನು.

"ಆಚಾರ್ರೆ, ಬಾಗ್ಲಿಗೆ ಸೀರೆ ಕಟ್ಕಂಡು ಕುಂತಿವ್ನಿ. ಕದ ಯಾವಾಗ?"

ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತು: "ಇನ್ನೊಂದೇ ತಿಂಗ್ಳು ಗೌಡ್ರೆ, ಬಂದ್ಬುಡ್ತೀನಿ."

"ಯಾವ ತಿಂಗ್ಳು? ನಿಮ್ಮ ಅಮಾಸೆ ತಿಂಗ್ಳೋ, ಆ ಕೆನಡಾದವ್ರ ತಿಂಗ್ಳೋ?" ಎಂದರು ಗೌಡರು.

ತಲೆ ಎತ್ತಿ ನೋಡಿದೆ. ಸಾವಿತ್ರಿ ಬಡಿಸುವುದನ್ನು ನಿಲ್ಲಿಸಿದ್ದಳು. ಅವಳ ಕೈಯಲ್ಲಿ ಸೌಟಿತ್ತು.

"ಎಲ್ಡ್ರಲ್ಲಿ ಯಾವ್ದು ಉದ್ದವೋ ಅದು ಗೌಡ್ರೆ" ಎಂದು ಫೋನಿಟ್ಟೆ.