ಎಣ್ಣ ಸಾಗಿಸೋ ಒತ್ತು

ಮದ್ವೆ ಸೀಜನ್ ಬಂತು ಅಂದ್ರೆ ಡಿಜೆ ಶಿವಮಲ್ಲುಗೆ ಕಿವಿ ಒಳ್ಗೆ ಜೇನು ಗೂಡು ಕಟ್ದಂಗೆ. ಇವತ್ತು ಗುಂಡ್ಲುಪೇಟೆ ಛತ್ರ, ನಾಳೆ ಚಾಮರಾಜನಗರದ ಛತ್ರ, ನಾಳಿದ್ದು ಮತ್ತೆ ಗುಂಡ್ಲುಪೇಟೆ. ಅವನ ಬಾಕ್ಸು ಅಂದ್ರೆ ಸಾಮಾನ್ಯವಾ? ಒಂದ್ಸಲ ಗುಂಡು ಅಂದ್ರೆ ಛಾವಣಿ ಎಂಚು ನಾಕು ಉದುರ್ಬೇಕು, ಆಚೆ ಬೀದೀಲಿ ಬಸ್ರಿ ಎಮ್ಮೆ ನಿಂತಂಗೇ ಕರ ಆಕ್ಬೇಕು. ಉಣ್ಣಾಕೆ ಕುಂತೋರ ಎಲೆ ಮ್ಯಾಗಿನ ಪಾಯಸ ನಡುಕ ಬಂದು ಪಕ್ದೋರ ಎಲೆಗೆ ಒಂಟೋಗದು. ಇಂಥ ಸದ್ದಿನ ಮುಂದ್ಗಡೆ ಸೀಜನ್‌ಗಟ್ಲೆ ನಿಂತೋನ ಕಿವಿ ಉಳುದದಾ? ಅರ್ಧ ಮಾತು ಕೇಳದೇ ಇಲ್ಲ, ಕೇಳಿದ್ದೂ ಬ್ಯಾರೆನೇ ಕೇಳದು. ಅವರವ್ವ "ಉಪ್ಸಾರು ಮಾಡಿವ್ನಿ, ಬಾಲಾ" ಅಂದ್ರೆ, "ಕಾರು ಯಾರ್ದವ್ವ?" ಅಂತ ಬಾಗ್ಲಿಗೆ ಓಡಿಬರೋನು.

ಇಂಥ ಕಿವುಡ್ನಿಗೆ ಕುದೇರಿನ ಪುಟ್ಟಬಸಪ್ಪನ ಮಗಳು ಸುಧಾಮಣಿ ಮ್ಯಾಲೆ ಪ್ರಾಣ. ಅವ್ಳಿಗೂ ಇವ್ನ ಕಂಡ್ರೆ ಪ್ರಾಣ. ಪುಟ್ಟಬಸಪ್ಪ ಮಾತ್ರ ಜಪ್ಪಯ್ಯ ಅಂದ್ರೂ ಒಪ್ಪಿರ್ನಿಲ್ಲ. "ಡಬಡಬ ಬಡಿಯೋನ್ಗೆ ಎಣ್ಣು ಕೊಟ್ರೆ ನನ್ ಮಗಳು ಬಾಳೆಲ್ಲ ಕೈಸನ್ನೇಲೇ ಸಂಸಾರ ಮಾಡ್ಬೇಕಾಯ್ತದೆ" ಅಂತ ಊರೋರ ಮುಂದೆ ಅಂದ್ಬುಟ್ಟಿದ್ದ.

ಅಂಥ ಪುಟ್ಟಬಸಪ್ಪನೇ ಒಂದಿನ ಬೆಳಿಗ್ಗೆ ಫೋನ್ ಮಾಡ್ದ. ಶಿವಮಲ್ಲು ಹರದನಹಳ್ಳಿ ಮನೆ ಜಗುಲಿ ಮ್ಯಾಲೆ ಕುಂತು ಅಲ್ಲುಜ್ತಿದ್ದ. ಅತ್ಲಗೆ ಪುಟ್ಟಬಸಪ್ಪ ಮೂಗು ಸೀಟ್ಕಂಡು ಅಂದ.

"ಶಿವಮಲ್ಲು, ನಮ್ಮನೇಲಿ ಕಾರ್ಯ ಕಣ್ಲಾ. ಮದ್ಯಾನದೊತ್ಗೆ ಎಣ್ಣ ಸಾಗಿಸ್ಬೇಕು. ಮೈಕು ಬಾಕ್ಸು ಏರ್ಕಂಡು ಬಂದ್ಬುಡು. ಬ್ಯಾರೆಯವ್ರ ಕಳಿಸ್ಬ್ಯಾಡ, ನೀನೇ ಬರ್ಬೇಕು."

ಬಾಯ್ಲಿದ್ದ ಬ್ರಷ್ಷು ಅಂಗೇ ಕೆಳಕ್ಕೆ ಬಿತ್ತು. ಆ ಮನೇಲಿರೋ ಎಣ್ಣು ಅಂದ್ರೆ ಸುಧಾಮಣಿ ಒಬ್ಳೇ. ಅವ್ಳ ಮದ್ವೆ! ಒಂದು ಮಾತೂ ಗೊತ್ತಿಲ್ಲ! ಊರೋರ ಮದ್ವೆಗೆಲ್ಲ ಬಾರ್ಸಿ ಬಾರ್ಸಿ, ಕೊನೆಗೆ ನನ್ನೋಳ ಬ್ಯಾರೆಯವ್ನಿಗೆ ಕಟ್ಟಾಗ್ಲೂ ನಾನೇ ಬಾರ್ಸ್ಬೇಕಾ ಶಿವನೆ ಅಂತ ನೊರೆ ಬಾಯ್ಲೇ ಅತ್ತ. ಅತ್ತು ಸುಮ್ಕಾದ್ಮೇಲೆ ಒಟ್ಟೇಲಿ ಕಿಚ್ಚು ಅತ್ಕೊಂತು. ಓಗನ, ಆ ಮದ್ವೆ ನಿಲ್ಲಿಸ್ನ. ನಿಲ್ನಿಲ್ವಾ, ಗಂಡು ಅನ್ನಿಸ್ಕಂಡೋನ ಕಿವಿ ತಮ್ಟೆ ಅರಿಯಂಗೆ ಬಾರ್ಸ್ಬುಟ್ಟು ಬರನ. ಬಾಕ್ಸೆಲ್ಲ ಟೆಂಪೋಗೆ ಏರ್ದ, ಕುದೇರಿನ ದಾರಿ ಇಡ್ದ.

ಅವತ್ತಿನ ಬಿಸ್ಲು ನೋಡ್ಬೇಕಿತ್ತು. ಒಂದು ಎಲೆ ಅಲ್ಲಾಡದಲ್ಲ, ಒಂದು ಕಾಗೆ ಕೂಗದಲ್ಲ. ಊರ ಮುಂದೆ ಕೆರೆ ಏರಿ ಮ್ಯಾಲೆ ನಾಯಿಗಳು ಸಾಲಾಗಿ ಕುಂತು, ಆಡ್‌ಅಗಲಲ್ಲಿ ಆಕಾಶ ನೋಡ್ಕಂಡು ಊಳಿಡ್ತಿದ್ವು. ಉಣಸೆ ಮರದ ಬುಡದಲ್ಲಿ ಶಾಂತಮಲ್ಲಪ್ಪ ತಲೆ ಮ್ಯಾಲೆ ಟವಲ್ ಆಕ್ಕಂಡು ಕುಂತಿದ್ದ. ಪುಟ್ಟಬಸಪ್ಪನ ದಾಯಾದಿ ಅವ. ಟೆಂಪೋ ನಿಲ್ಸಿ ಶಿವಮಲ್ಲು ಕೇಳ್ದ.

"ಅಣ್ಣೋ, ಎಣ್ಣು ಎಂಗದೆ?"

"ಎಂಗಿದ್ದದ್ಲಾ ಎಣ. ಊವಿನ ಮಧ್ಯ ತಣ್ಗೆ ಕುಂತದೆ. ಏನ್ ಕಳೆ ಅಂತೀಯ!"

"ಒಪ್ಕಂಡೇ ಓಯ್ತಾ ಇದಾಳಾ?"

"ಒಪ್ಪದು ಬುಡದು ನಮ್ ಕೈಲದಾ? ಕರೆ ಬಂದ್ಮೇಲೆ ಓಗ್ಲೇಬೇಕು. ಇವತ್ತು ಅವ್ಳು, ನಾಳೆ ನಾನು."

ಶಿವಮಲ್ಲು ಅವ್ನ ಬೊಚ್ಚು ಬಾಯಿ, ನರೆತ ಮೀಸೆ ನೋಡ್ದ. "ನಿಮ್ಗೂ ಗಳಿಗೆ ಗೊತ್ತಾಗದಾ ಅಣ್ಣ, ಈ ವಯಸ್ನಲ್ಲಿ?"

"ಈ ವಯಸ್ನಲ್ಲೇ ಕಣ್ಲಾ ಗೊತ್ತಾಗದು" ಅಂತ ಅವ ನಿಟ್ಟುಸ್ರು ಬುಟ್ಟ.

"ಗಂಡು ಎಲ್ಲವ್ನೆ?"

"ಗಂಡ ಆಗ್ಲೇ ಓಗಿ ತ್ವಾಟ್ದಲ್ಲಿ ಮಲ್ಗವ್ನೆ. ಅವನ ಮಗ್ಗುಲ್ಲೇ ಇವ್ಳ್ಗೂ ಜಾಗ ಮಾಡ್ಸಿವಿ."

ಓ, ತ್ವಾಟ ಇರೋ ಸಾವ್ಕಾರನೇ ಸಿಕ್ಕವ್ನೆ. ಎಂಥ ಮಾನಗೆಟ್ಟೋನು, ತಾಳಿ ಕಟ್ಟಕೆ ಮುಂಚೆನೇ ಮಲ್ಗವ್ನೆ! ಶಿವಮಲ್ಲು ಅಲ್ಲು ಕಡ್ಕಂಡು ಟೆಂಪೋ ಓಡುಸ್ದ.

ಮನೆ ಮುಂದೆ ಶಾಮಿಯಾನ ಆಕಿತ್ತು, ಕುರ್ಚಿ ಆಕಿತ್ತು, ಟ್ರಾಕ್ಟರ್‌ಗೆ ಚೆಂಡೂವು ಸುತ್ತಿತ್ತು. ಜನ ಜಾತ್ರೆ ಅಂಗೆ ಸೇರಿದ್ರೂ ಆಚೆ ಒಬ್ರ ಬಾಯ್ಲೂ ಪಿಟಿಕ್ ಅನ್ನೋ ಸದ್ದಿಲ್ಲ. ಬಾಗ್ಲಿಗೆ ಮಾವಿನ ಸೊಪ್ಪಿಲ್ಲ. ಮದ್ವೆ ಮನೇಲಿ ಒಲೆ ಉರೀತಿಲ್ಲ, ಒಗ್ಗರಣೆ ವಾಸ್ನೆ ಇಲ್ಲ, ಬರೀ ಊದ್ಗಡ್ಡಿ ಒಗೆ. ಇವ ಟೆಂಪೋ ಇಳೀತಿದ್ದಂಗೆ ಒಳ್ಗೆ ಅಳ್ತಿದ್ದ ಎಂಗಸ್ರು ಒಂದೇ ಸಲ ಅಳ ನಿಲ್ಸಿ, ತಲೆ ತಿರುಗ್ಸಿ ಇವ್ನನ್ನೇ ನೋಡಿದ್ರು.

ಬಾಗ್ಲಲ್ಲಿ ಸುಧಾಮಣಿ ನಿಂತಿದ್ಲು. ತಲೆಗೂದ್ಲು ಕೆದರೋಗಿದ್ವು, ಕಣ್ಣು ಮೆಣಸಿನ್ಕಾಯಿ ಅಂಗಾಗಿದ್ವು, ಮುಡೀಲಿ ಒಂದು ಎಸಳೂವಿಲ್ಲ. ಇವ್ನ ಕಂಡಿದ್ದೇ ಸೆರಗ ಬಾಯ್ಗೆ ತುರುಕ್ಕಂಡು ಒಳಕ್ಕೋದ್ಲು. ಬಲವಂತದ ಮದ್ವೆ! ಅನುಮಾನನೇ ಇಲ್ಲ.

ಶಾಮಿಯಾನದ ಮಧ್ಯ ಊವಿನ ಮಂಟಪದಲ್ಲಿ ಪುಟ್ಟಬಸಪ್ಪನ ಅವ್ವ ದೊಡ್ಡಮಲ್ಲಮ್ಮ ಕುಂತಿದ್ಲು. ರೇಷ್ಮೆ ಸೀರೆ, ಅಣೆ ತುಂಬ ಇಬೂತಿ, ಕತ್ಗೆ ಆರದ ಮ್ಯಾಲೆ ಆರ. ಬ್ಯಾರೆ ದಿನ ಆಗಿದ್ರೆ ಇವ್ನಿಗೂ ಗೊತ್ತಾಗಿರದು. ಆದ್ರೆ ಒಟ್ಟೆಕಿಚ್ಚು ಬಿದ್ದ ಕಣ್ಣಿಗೆ ಆನೆನೂ ಕಾಣಕಿಲ್ಲ. ಎಣ್ಣಿಗೆ ಆಸೀರ್ವಾದ ಮಾಡಕೆ ಅಜ್ಜಿ ಸಿಂಗಾರ ಮಾಡ್ಕಂಡು ಕುಂತವ್ಳೆ ಅನ್ಕಂಡ. ಸೀದಾ ಓಗಿ ಅಡ್ಡ ಬಿದ್ದು ಕಾಲಿಡ್ದ. ಕಾಲು ಬಾವಿ ಒಳಗಿನ ಕಲ್ಲಂಗೆ ಕೊರೀತಿತ್ತು. ಅಳ್ತಾ ಪಿಸುಗುಟ್ದ.

"ಅಜ್ಜಿ, ನೀನಾದ್ರೂ ಕಣ್ಬುಡು. ಸುಧಾಮಣಿ ನನ್ಗೆ ಬೇಕು ಕಣಜ್ಜಿ. ಕೊಡಕಿಲ್ಲ ಅನ್ನಂಗಿದ್ರೆ ಈಗ್ಲೇ ಅಂದ್ಬುಡು."

ಅಜ್ಜಿ ಏನೂ ಅನ್ನಲಿಲ್ಲ. ಬೇಡ ಅನ್ನಲಿಲ್ವಲ್ಲ, ಅಷ್ಟೇ ಸಾಕು ಅನ್ನಿಸ್ತು ಶಿವಮಲ್ಲುಗೆ. ಮೇಲೆ ನೋಡಿದ್ರೆ ಅಜ್ಜಿ ತುಟಿ ಅಂಚು ಚೂರು ಮ್ಯಾಕ್ ಓದಂಗಿತ್ತು. ಈಗ ಓಗಿತ್ತೋ, ಮೊದ್ಲೇ ಅಂಗಿತ್ತೋ, ಗೊತ್ತಾಗ್ನಿಲ್ಲ.

ಸುತ್ತ ಕುಂತೋರು "ಪಾಪ, ಮನೆ ಮಗನಂಗೆ ಕಾಲಿಡ್ಕಂಡು ಅಳ್ತಾವ್ನೆ" ಅಂತ ಕಣ್ಣೊರೆಸ್ಕಂಡ್ರು.

ಪಕ್ಕದ ಮನೆ ಮರಿಮಲ್ಲಪ್ಪ ಬಂದು ಇವ್ನ ಎಬ್ಬಿಸ್ದ. ಕುದೇರಲ್ಲಿ ಯಾರ ಮನೇಲಿ ಏನೇ ಆದ್ರೂ ಯಜಮಾನಿಕೆ ಅವಂದೇ. ಮಳೆ ಬರ್ತದೋ ಇಲ್ವೋ, ಎತ್ಗೆ ಯಾವ ರೋಗ, ಮನುಸ್ರ ಜೀವ ಅದೋ ಓಯ್ತೋ, ಎಲ್ಲಾನೂ ಅವ್ನೇ ಮೂಗ್ಗೆ ಬೆರಳಿಡ್ದು ತೀರ್ಮಾನ ಮಾಡೋನು. "ಬಾಪ್ಪ ಶಿವಮಲ್ಲು. ಎತ್ತಕೆ ಮುಂಚೆ ಒಂದು ಶಿವನ ಪದ ಆಕು. ಸಣ್ಗೆ ಬುಡು" ಅಂದ.

ಶಿವಮಲ್ಲು ಕಿವಿಗೆ "ಚೆನ್ನಾಗಿ ಬುಡು" ಅಂತ ಕೇಳುಸ್ತು.

ಬುಡ್ತೀನಿ ತಾಳು ಅಂತ ಬಾಕ್ಸೆಲ್ಲ ಮಂಟಪದ ಅಕ್ಕಪಕ್ಕನೇ ನಿಲ್ಸ್ದ. ಮೆರವಣಿಗೇಲಿ ಐಕ್ಳು ಕುಣಿಯೋ ಪದ ಒಂದ ತಗ್ದು, ಎಷ್ಟು ತಿರುಗ್ತದೋ ಅಷ್ಟೂ ಗುಂಡಿ ತಿರುಗ್ಸಿ, ಕಣ್ಮುಚ್ಚಿ ಬುಟ್ಟ.

ಗುಂಡ್!

ಶಾಮಿಯಾನ ಮೊಳದುದ್ದ ಮ್ಯಾಕ್ ಎದ್ದು ಕೆಳಕ್ಕೆ ಬಿತ್ತು. ಗ್ವಾಡೆ ಮ್ಯಾಗಿನ ಗಡಿಯಾರ ನಿಂತೋಯ್ತು. ಕೆರೆ ಏರಿ ನಾಯಿಗಳು ಊಳಿಡದ ಮರ್ತು ನಂಜನಗೂಡಿನ ಕಡೀಕೆ ಓಡಿದ್ವು. "ಲೋ ನಿಲ್ಸ್ಲಾ! ಎಣದ ಮುಂದೆ ಕುಣಿಯೋ ಪದ ಆಕವ್ನೆ, ಒಡೀರ್ಲಾ ಅವ್ನ!" ಅಂತ ಮರಿಮಲ್ಲಪ್ಪ ಬಾಯಿ ಬಡ್ಕತಿದ್ದ. ಆ ಸದ್ನಲ್ಲಿ ಯಾರ್ಗೆ ಕೇಳ್ಬೇಕು?

ಆಗ ಅಜ್ಜಿ ಕತ್ತಿನ ಊವು ಒಂದೊಂದೇ ಉದುರಕೆ ಸುರುವಾಯ್ತು. ಅಮ್ಯಾಕೆ ತೊಡೆ ಮ್ಯಾಗಿದ್ದ ಬಲಗೈ ಕಿರುಬೆರಳು ಒಂದ್ಸಲ ಕದಲ್ತು. ಮತ್ತೊಂದ್ಸಲ ಕದಲ್ತು. ಗುಂಡು ಅಂದಾಗೆಲ್ಲ ಬೆರಳು ಎದ್ದು ಬೀಳದು, ಎದ್ದು ಬೀಳದು. ಎಂಗಸ್ರು ಒಬ್ರ ಮುಖ ಒಬ್ರು ನೋಡಿದ್ರು. ಕಣ್ಣ ಮ್ಯಾಲೆ ಅಂಟಿದ್ದ ಇಬೂತಿ ಬಿರುಕು ಬುಡ್ತು. ಒಂದು ಕಣ್ಣು ತೆರೀತು. ಅದು ಸುತ್ತ ಒಂದ್ಸುತ್ತು ನೋಡಾದ್ಮೇಲೆ ಇನ್ನೊಂದೂ ತೆರೀತು.

ಕಣ್ಮುಚ್ಚಿ ಬುಡೋದ್ರೊಳ್ಗೆ ಶಾಮಿಯಾನ ಖಾಲಿ. ಮರಿಮಲ್ಲಪ್ಪ ಬೇಲಿ ಆರಿ ತಿಪ್ಪೆಗುಂಡೀಲಿ ಸೊಂಟಗಂಟ ಇಳ್ದಿದ್ದ. ಪುಟ್ಟಬಸಪ್ಪ ಟ್ರಾಕ್ಟರ್ ಅಡೀಲಿದ್ದ. ಶಿವಮಲ್ಲು ಮಾತ್ರ, ನನ್ ಸೌಂಡ್‌ಗೆ ಮದ್ವೆ ಮುರ್ದು ಬಿತ್ತು ಅಂತ ಎದೆ ಉಬ್ಬಿಸ್ಕಂಡು ಪದ ನಿಲ್ಸ್ದ.

ಗವ್ ಅನ್ನೋ ಆ ನಿಶ್ಶಬ್ದದೊಳಗೆ ಅಜ್ಜಿ ಗಂಟ್ಲು ಸರಿಮಾಡ್ಕಂಡ್ಲು.

"ಯಾವನ್ಲಾ ಅವ, ನನ್ ಎದೆ ಮ್ಯಾಲೆ ರಾಗಿ ಬೀಸೋನು? ಅದ್ಸರಿ, ಯಾರು ಸತ್ತಿರೋರು, ಇಷ್ಟ್ ಊವು ತಂದಿರದು?"

ಬಾಗ್ಲಿಂದ ಸುಧಾಮಣಿ ಮೆತ್ಗೆ ಬಂದ್ಲು. "ನೀನೇ ಕಣಜ್ಜಿ. ಬೆಳಿಗ್ಗೆ ಮರಿಮಲ್ಲಪ್ಪಣ್ಣ ಮೂಗ್ಗೆ ಬೆರಳಿಡ್ದು, ಓಯ್ತು ಅಂತು. ತಣ್ಣೀರಾಕಿ ತೊಳ್ದು ಕೂರ್ಸ್ಬುಟ್ರು."

"ಅವ್ನ ಬೆರಳಿಗೆ ಲಕ್ವ ಒಡಿಯಾ! ಅವ ಮೂಗ್ತಾವ ಕೈ ತಂದ್ರೆ ನಶ್ಯದ ವಾಸ್ನೆ, ಅದಕ್ಕೇ ಉಸ್ರು ಕಟ್ಕಂಡಿದ್ದೆ. ಆಮೇಲೆ ಒಳ್ಳೆ ಜೊಂಪು ಅತ್ತಿತ್ತು."

ಶಿವಮಲ್ಲು ಸುಧಾಮಣಿ ಕಡೀಕೆ ತಿರುಗ್ದ. "ಅಂಗಾರೆ... ನಿಮ್ಮಪ್ಪ ಎಣ್ಣ ಸಾಗಿಸ್ಬೇಕು ಅಂದದ್ದು?"

"ಎಣ್ಣ ಅಲ್ಲ ಕಣೋ ಕಿವುಡ, ಎಣ! ಎಣ ಸಾಗಿಸ್ಬೇಕು ಅಂದದ್ದು!"

ಕಲ್ಲಂಗೆ ಕೊರೀತಿದ್ದ ಆ ಕಾಲು ನೆನೆಸ್ಕಂಡು ಅವ ಎರ್ಡೂ ಕೈಯ ಅಂಗಿಗೆ ಒರೆಸ್ಕಂಡ. ಆದ್ರೆ ಜನ ಒಬ್ಬೊಬ್ರೇ ಬೇಲಿ ಸಂದೀಲಿ ತಲೆ ಆಕಿ, ಅಜ್ಜಿ ನೀರು ಕುಡೀತಿರದ ಕಂಡು ಈಚೆ ಬಂದ್ರು. "ಯಮನ್ ಕೈಲಿದ್ದ ಜೀವವ ಕಿತ್ಕಂಡವ್ನಲ್ಲಪ್ಪ ಈ ಡಿಜೆ!" ಅಂತ ಇವ್ನ ಬೆನ್ನು ತಟ್ಟಿದ್ರು. ಅಜ್ಜಿ ಕತ್ತಿನ ಆರನೇ ತಗ್ದು ಇವ್ನಿಗಾಕಿದ್ರು. ಶಿವಮಲ್ಲು ಮೀಸೆ ತಿರುವ್ದ. ಎತ್ತವ್ವನ ಬದುಕ್ಸಿದೋನ್ಗೆ ಮಗಳ ಕೊಡಕಿಲ್ಲ ಅಂತ ಪುಟ್ಟಬಸಪ್ಪ ಯಾವ ಬಾಯ್ಲಿ ಅಂದಾನು?

ಟ್ರಾಕ್ಟರ್ ಅಡಿಯಿಂದ ಪುಟ್ಟಬಸಪ್ಪ ಅಂಬೆಗಾಲಲ್ಲಿ ಬಂದು ಅವ್ವನ ಕಾಲ್ಮ್ಯಾಲೆ ಬಿದ್ದು ಅತ್ತ. ಎದ್ದು ಶಿವಮಲ್ಲು ಮುಖ ನೋಡಿ ಇನ್ನೂ ಜೋರಾಗಿ ಅತ್ತ.

"ಯಾಕ್ ಮಾವ?"

ಪುಟ್ಟಬಸಪ್ಪ ಟವಲ್ಲಲ್ಲಿ ಮುಖ ಮುಚ್ಕಂಡ. ಸುಧಾಮಣಿನೇ ಇವ್ನ ಬಾಕ್ಸಿನ ಮರೆಗೆ ಎಳ್ಕಂಡ್ಲು.

"ಬೆಳಿಗ್ಗೆ ಇಲ್ಲಿ ಏನ್ ಮಾತಾಯ್ತು ಗೊತ್ತಾ? ದೊಡ್ಡ ಜೀವ ಓದ್ ಮನೇಲಿ ವರ್ಷದೊಳ್ಗೆ ಒಂದು ಮದ್ವೆ ಆಗ್ಲೇಬೇಕು ಅಂತ ಕುಲಸ್ತ್ರೆಲ್ಲ ಅಂದ್ರು. ಅಪ್ಪ ನಿನ್ ಎಸ್ರೇ ಅಂತು. ತಿಥಿ ಮುಗುದ್ಮೇಲೆ ಎಲೆ ಅಡಿಕೆ ಬದ್ಲಾಯ್ಸದು ಅಂತ ಎಲ್ರೂ ಒಪ್ಪಿದ್ರು. ನೀನೇ ಬರ್ಬೇಕು ಅಂತ ಕರ್ಸಿದ್ದು ಮೈಕಿಗಲ್ಲ ಕಣೋ, ನೆಂಟ್ರಿಗೆ ಅಳಿಯನ್ನ ತೋರ್ಸಾಕೆ."

"ಸರಿ ಮತ್ತೆ, ಈಗ್ಲೂ ಕೊಡ್ಲಿ."

"ಎಂಗ್ ಕೊಟ್ಟಾನು? ಇಷ್ಟ್ ದಿನ ಬ್ಯಾಡ ಬ್ಯಾಡ ಅಂತಿದ್ದೋರು ಅಪ್ಪ ಅನ್ಕಂಡಿದ್ಯಾ? ತಾನು ಬದುಕಿರೋಗಂಟ ಡಿಜೆಗೆ ಮೊಮ್ಮಗಳ ಕೊಡಕೂಡ್ದು ಅಂತ ಅಪ್ಪನ ಕೈಲಿ ಆಣೆ ಆಕ್ಸ್ಕಂಡಿರೋಳು ಅಜ್ಜಿ! ಒಂದು ಗಳಿಗೆ ಸುಮ್ಕಿದ್ದಿದ್ರೆ ನಾನು ನಿಮ್ಮನೆ ಸೊಸೆ. ನೀನೇ ಬಂದು, ನೀನೇ ಕಾಲಿಡ್ದು, ನೀನೇ ಎಬ್ಬುಸ್ಬುಟ್ಯಲ್ಲೋ!"

ಶಿವಮಲ್ಲು ಕತ್ತಿನ ಆರ ಅಂಗೇ ಜೋತ್ಬಿತ್ತು. ಮಂಟಪದಲ್ಲಿ ಅಜ್ಜಿ ಬಾಳೆಣ್ಣು ಸುಲೀತಾ ಬಗ್ಗಿ ನೋಡಿದ್ಲು.

"ಲೋ ಡಿಜೆ, ಬಾ ಇಲ್ಲಿ. ನಾನಿರೋಗಂಟ ಎಣ್ಣಂತೂ ಇಲ್ಲ, ಆ ಆಸೆ ಬುಟ್ಬುಡು. ಆದ್ರೆ ಇದ್ಯಾವುದ್ಲಾ ನೀ ಬಾರ್ಸಿದ್ದು? ಮಂಡಿ ನೋವೆಲ್ಲ ಓಯ್ತು, ಕಣ್ಣು ನಿಚ್ಚಳ ಆಯ್ತು! ಅಮಾಸೆ ಅಮಾಸೆಗೂ ಬಂದು ಬಾರ್ಸ್ಬೇಕು. ಈಗ ಇನ್ನೊಂದು ಆಕು, ಜೋರಾಗಿ!"

ಇಡೀ ಊರು "ಆಕ್ಲಾ, ಆಕ್ಲಾ" ಅಂತು. ಶಿವಮಲ್ಲು ಅಳ್ತಾ ಗುಂಡಿ ತಿರುಗ್ಸ್ದ. ಗುಂಡು ಅಂದಂಗೆಲ್ಲ ಅಜ್ಜಿ ಆಯಸ್ಸು ಒಂದೊಂದೊರ್ಷ ಮುಂದಕ್ಕೋಗದು, ಅವ್ನ ಮದ್ವೆನೂ ಅದ್ರ ಇಂದಿಂದೇ ಓಗದು.