ಕುಂಕುಮ ಹಚ್ಚಿದ ರಿವಾಲ್ವರ್

ನಮ್ಮ ದೊಡ್ಡಪ್ಪನ ಹತ್ತಿರ ರಿವಾಲ್ವರ್ ಇದೆ. ಹೆದರಬೇಡಿ! ಇಡೀ ಚಾಮರಾಜಪೇಟೆಯಲ್ಲಿ ಅದಕ್ಕೆ ಹೆದರುವ ಜೀವ ಒಂದೇ, ಅದು ಸ್ವತಃ ದೊಡ್ಡಪ್ಪ. ಎಲ್ಲಿ ಕೆಟ್ಟುಹೋಗುತ್ತದೋ ಎಂದು.

ಅದು ತಾತನದು. ನಗರ್ತಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಸಗಟು ಅಂಗಡಿ ಇಟ್ಟಿದ್ದ ತಾತ, ಸಂಜೆ ಗಲ್ಲಾದ ಹಣ ಮನೆಗೆ ತರುವಾಗ ಜೊತೆಗಿರಲಿ ಎಂದು ಕೊಂಡ ಇಂಗ್ಲೆಂಡಿನ ಮಾಲು. ಲೈಸೆನ್ಸ್ ಸಮೇತ ದೊಡ್ಡಪ್ಪನಿಗೆ ಬಂತು. ಇದುವರೆಗೆ ಒಂದು ಗುಂಡೂ ಹಾರಿಲ್ಲ. ಹಾಗಾದರೆ ಅದು ಒಳ್ಳೆಯದೆಂದು ಗೊತ್ತಾದದ್ದು ಹೇಗೆ? ಕೇಳಿಯೇಬಿಟ್ಟೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಅಂಗಡಿಯ ಅಟ್ಟದಲ್ಲಿ ಕೊಳಗಗಳ ನಡುವೆ ಕೂತು ಓದಿ ತೆಗೆದುಕೊಂಡ ಬಿ.ಎಸ್ಸಿ. ಇಂಥ ಪ್ರಶ್ನೆ ನಾನು ಕೇಳದೆ ಇನ್ಯಾರು ಕೇಳಬೇಕು?

"ಓದಿದೋಳಲ್ವಾ ನೀನು, ಕಿವಿಗೊಟ್ಟು ಕೇಳು" ಎಂದು ದೊಡ್ಡಪ್ಪ ಖಾಲಿ ರಿವಾಲ್ವರಿನ ಸಿಲಿಂಡರನ್ನು, ಅಂದರೆ ಗುಂಡುಗಳು ಕೂರುವ ಉರುಳೆಯನ್ನು, ಮೆಲ್ಲಗೆ ತಿರುಗಿಸಿದರು. ಟಿಕ್, ಟಿಕ್, ಟಿಕ್. "ಒಂದೊಂದು ಭಾಗಾನೂ ಕೈಯಲ್ಲಿ ಅರ ಹಿಡಿದು ಉಜ್ಜಿ ಕೂರಿಸಿರೋದು. ಈಗಿನವರು ಮೆಷಿನ್‌ನಲ್ಲಿ ಪುರಿ ಉದುರಿಸಿದ ಹಾಗೆ ಉದುರಿಸ್ತಾರೆ."

ಆ ಟಿಕ್ ಟಿಕ್ ಮೇಲೆಯೇ ಅವರ ಮರ್ಯಾದೆ ನಿಂತಿತ್ತು.

ಬಸವನಗುಡಿಯಲ್ಲಿ ಸೈಟು ವ್ಯವಹಾರ ಮಾಡುವ ಅವರ ಗೆಳೆಯರೊಬ್ಬರು ಹೊಸ ರಿವಾಲ್ವರ್ ಕೊಂಡು, ನೋಡಲು ಕರೆದರು. ದೊಡ್ಡಪ್ಪ ಅದರಲ್ಲಿ ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು.

"ಏನ್ರೀ ಅದು, ತೆಂಗಿನಕಾಯಾ?"

"ತೆಂಗಿನಕಾಯಾಗಿದ್ರೆ ತಗೋಬಹುದಿತ್ತು. ಒಳಗೆ ಚೆನ್ನಾಗಿ ನೀರಿದೆ."

ಗೆಳೆಯರು ಕಾಫಿ ಕೊಟ್ಟರು. ಮತ್ತೆಂದೂ ಕರೆಯಲಿಲ್ಲ.

ಇಷ್ಟು ಗಟ್ಟಿ ಮಾಲು ಪ್ರತಿ ವರ್ಷ ಆಯುಧಪೂಜೆ ಮುಗಿದ ಮೇಲೆ ತಪ್ಪದೆ ಕೆಡುತ್ತಿತ್ತು! ಕಾರಣ ದೊಡ್ಡಮ್ಮ. ತಕ್ಕಡಿ, ಸ್ಕೂಟರ್, ಮಿಕ್ಸಿಗಳ ಸಾಲಿನಲ್ಲಿ ರಿವಾಲ್ವರನ್ನೂ ಕೂರಿಸಿ, ಮಿಂಚಲಿ ಎಂದು ಕೊಬ್ಬರಿ ಎಣ್ಣೆ ಸವರಿ, ವಿಭೂತಿ ಎಳೆದು, ಸಿಲಿಂಡರಿನ ಮೈಮೇಲಿನ ಒಂದೊಂದು ತೋಡಿಗೂ ಉಂಗುರದ ಬೆರಳಿನಿಂದ ಕುಂಕುಮ ಒತ್ತುತ್ತಿದ್ದರು. ಮಾಗಿಯ ಚಳಿಗೆ ಎಣ್ಣೆ ಹೆಪ್ಪುಗಟ್ಟಿ, ಕುಂಕುಮ ಸಂದಿಗಿಳಿದು, ಸಿಲಿಂಡರು ಸಿಮೆಂಟ್ ಹಾಕಿದಂತೆ ನಿಲ್ಲುತ್ತಿತ್ತು.

"ಲೇ, ಹಿಡಿಗೊಂದು ಬೊಟ್ಟಿಟ್ರೆ ಸಾಲ್ದಾ? ಸಿಲಿಂಡರಿಗ್ಯಾಕೆ?"

"ಸ್ಕೂಟರ್‌ಗೂ ಇಟ್ಟಿದ್ದೆ ಕಣ್ರೀ. ಅದು ಓಡ್ತಿಲ್ವಾ? ಕುಂಕುಮಕ್ಕೇ ಕೆಡೋದಾದ್ರೆ ಅದೆಂಥ ಇಂಗ್ಲೆಂಡ್ ಮಾಲು?"

ದೊಡ್ಡಪ್ಪ ಬಿ.ಎಸ್ಸಿ. ಮಾಡಿದ ನನ್ನ ಕಡೆ ನೋಡಿದರು. ನಮ್ಮ ಸಿಲಬಸ್ಸಿನಲ್ಲಿ ಅದು ಬಂದಿರಲಿಲ್ಲ.

ರಿಪೇರಿಗೆ ಇದ್ದವರು ಪೇಟೆಯಲ್ಲಿ ಬಂದೂಕು ರಿಪೇರಿಯ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರೇ. ಆಟೊದಲ್ಲಿ ನಾನು, ದೊಡ್ಡಪ್ಪ. ಲೈಸೆನ್ಸ್ ಜೇಬಿನಲ್ಲಿ, ರಿವಾಲ್ವರ್ ಕೋಡುಬಳೆ ಡಬ್ಬಿಯಲ್ಲಿ. (ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಒಪ್ಪಿಸುವುದೂ ಅದೇ ಡಬ್ಬಿಯಲ್ಲಿ. ಒಮ್ಮೆ ಮುಚ್ಚಳ ತೆಗೆದ ಪೇದೆಯ ಮುಖ ಬಾಡಿದ್ದನ್ನು ನಾನೇ ನೋಡಿದ್ದೇನೆ.)

"ಹೊಸದಾದ್ರೆ ಸ್ಪೇರ್ ತಂದು ಹಾಕಬಹುದು ಯಜಮಾನ್ರೇ. ಇದರ ಭಾಗ ಇದಕ್ಕೇ ಅಂತ ಉಜ್ಜಿರೋದು, ಬೇರೇದು ಕೂರಲ್ಲ" ಎಂದರು ಸಾಹೇಬರು.

"ಕೇಳಿಸ್ಕೊಂಡ್ಯಾ? ಹಳೇದೇ ವಾಸಿ ಅಂತ ಅವರೇ ಹೇಳಿದ್ರು!"

"ನಾನೆಲ್ಲಿ ಹೇಳ್ದೆ? ಎರಡೂ ಚೆನ್ನಾಗಿದೆ. ಹೊಸದಕ್ಕೆ ಯಾರೂ ಪೂಜೆ ಮಾಡಲ್ಲ, ಅಷ್ಟೇ."

ಕಳೆದ ಆಯುಧಪೂಜೆಯ ನಂತರ, ಕಾರ್ತಿಕದಲ್ಲಿ ದೊಡ್ಡಮ್ಮ ತೀರಿಕೊಂಡರು. ರಿವಾಲ್ವರಿನ ನೆನಪು ಯಾರಿಗಿತ್ತು? ಸಂಕ್ರಾಂತಿ ಕಳೆದ ಮೇಲೆ ಸಾಹೇಬರೇ ಫೋನ್ ಮಾಡಿದರು. "ಕಣ್ಣು ಕಾಣ್ತಿಲ್ಲ, ಅಂಗಡಿ ಮುಚ್ತಿದೀನಿ. ಈ ವಾರ ತಂದ್ಬಿಡಿ ಯಜಮಾನ್ರೇ. ಆಮೇಲೆ ಇದಕ್ಕೆ ಕೈ ಹಾಕೋರು ಸಿಗಲ್ಲ."

ಹೋದೆವು. ಎಂದಿನಂತೆ ಸಿಲಿಂಡರು ಕಚ್ಚಿಕೊಂಡು ಕೂತಿತ್ತು. ಸಾಹೇಬರು ಅದನ್ನು ದೀಪದ ಕೆಳಗಿಟ್ಟು, ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿದರು. "ಅದೇ ಕುಂಕುಮ. ತೊಳೆದ್ರೆ ತಿರುಗುತ್ತೆ."

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ನಾನೂ ನೋಡಿದೆ. ತೋಡುಗಳಲ್ಲಿ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಒಂದೊಂದು ಬೊಟ್ಟಿನಲ್ಲೂ ಬೆರಳಿನ ಸಣ್ಣ ಗೆರೆಗಳು ಹಾಗೇ ಇದ್ದವು.

ಬ್ರಷ್ಷು ತಾಗುವ ಮುಂಚೆ ದೊಡ್ಡಪ್ಪನ ಅಂಗೈ ರಿವಾಲ್ವರಿನ ಮೇಲೆ ಬಂತು.

"ಬೇಡ ಸಾಹೇಬ್ರೇ."

"ಇನ್ನು ತಿರುಗೋದೇ ಇಲ್ಲ ಯಜಮಾನ್ರೇ."

"ತಿರುಗದೆ ಇರಲಿ ಬಿಡಿ."

ಸಾಹೇಬರು ಬ್ರಷ್ಷು ಬದಿಗಿಟ್ಟು, ಬೊಟ್ಟುಗಳಿಗೆ ಬಟ್ಟೆ ಉಜ್ಜದಂತೆ ಸಡಿಲವಾಗಿ ಸುತ್ತಿ ಡಬ್ಬಿಗಿಟ್ಟರು.

ಆಟೊದಲ್ಲಿ ದೊಡ್ಡಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಹಳ್ಳ ಬಂದಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಮನೆ ಹತ್ತಿರ ಬಂದಾಗ ನನ್ನ ಕಡೆ ತಿರುಗದೆಯೇ ಹೇಳಿದರು:

"ಹೊಸದಾಗಿದ್ರೆ ಕುಂಕುಮ ಇಷ್ಟೊತ್ತಿಗೆ ಉದುರಿಹೋಗಿರೋದು. ಹಳೇ ಮಾಲು ಕಣಮ್ಮ. ಹಿಡ್ಕೊಂಡಿದ್ದನ್ನ ಬಿಡಲ್ಲ."