ಸಂದು ಕಂಡರೆ ಬಿಡದ ನಮ್ಮ ಮಾವ

ಮರ್ಫಿ ಟೌನಿನ ನಮ್ಮ ಸೋದರಮಾವನ ಮನೆಗೆ ಇರುವೆ ಕೂಡ ಅವರ ಅಪ್ಪಣೆಯಿಲ್ಲದೆ ನುಗ್ಗುವಂತಿಲ್ಲ! ಗೋಡೆ, ಕಿಟಕಿ, ಸಿಂಕು, ಎಲ್ಲಿ ಸಂದು ಕಂಡರೂ ರಬ್ಬರಿನಂಥ ಸಿಲಿಕೋನ್ ಅಂಟು ಒತ್ತುವ ಗನ್ನು ಹಿಡಿದು ಮಾವ ಹಾಜರು.

“ಮರಳು, ಗಾಜು, ಇದು, ಎಲ್ಲಾ ಒಂದೇ ವಂಶ ಕಣೋ. ಸಿಲಿಕಾನೂ ಆಕ್ಸಿಜನ್ನೂ ಕೈ ಕೈ ಹಿಡ್ಕೊಂಡು ನಿಂತ್ರೆ ನೀರಿಗೆ ದಾರೀನೇ ಇಲ್ಲ!” ಎಂದು ಪಾಠ ಬೇರೆ. ಅತ್ತೆಯ ಕೇಕಿನ ಅಚ್ಚು, ಮೊಮ್ಮಗಳ ಹಾಲಿನ ಬಾಟಲಿಯ ನಿಪ್ಪಲ್ಲು, ಸಿಲಿಕೋನಿನ ಎಲ್ಲವನ್ನೂ ಸ್ವಂತ ನೆಂಟರಂತೆ ಪರಿಚಯಿಸುತ್ತಾರೆ. ಮೆತ್ತಿದ ದಿನ ಮನೆಯೆಲ್ಲ ಹುಳಿ ವಾಸನೆ. ಹಿಟ್ಟೇ ಹುಳಿಯಾಯಿತೆಂದುಕೊಂಡು ಎಷ್ಟು ಸಲ ಅತ್ತೆ ಒಳ್ಳೆಯ ದೋಸೆಹಿಟ್ಟನ್ನು ಚೆಲ್ಲಿದ್ದಾರೋ!

ನರಕ ಚತುರ್ದಶಿಯ ಬೆಳಿಗ್ಗೆ ನಾವೆಲ್ಲ ತಲೆಗೆ ಎಣ್ಣೆ ಹಚ್ಚಿಕೊಂಡು ಸಾಲಾಗಿ ಕೂತಿದ್ದೆವು. ಮಾವ ಬಚ್ಚಲಿನಿಂದ ಗನ್ನು ಹಿಡಿದು ಹೊರಬಂದರು. “ನಾಳೆವರೆಗೂ ಒಳಗೆ ಒಂದ್ ಹನಿ ನೀರು ಬೀಳ್ಬಾರ್ದು.”

“ರೀ, ಈ ಎಣ್ಣೆತಲೆಗಳನ್ನ ಏನ್ ಮಾಡ್ಲಿ?” ಎಂದರು ಅತ್ತೆ.

“ಇರ್ಲಿ ಬಿಡೇ, ಚೆನ್ನಾಗಿ ಇಳೀಲಿ!”

ಟವೆಲ್ಲು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಯವರ ಬಚ್ಚಲ ಮುಂದೆ ಕ್ಯೂ ನಿಂತೆವು. ಮಾವನೂ ನಿಂತಿದ್ದರು, ಅಲ್ಲಿನ ಬಾಗಿಲ ಸಂದನ್ನು ಆಸೆಯಿಂದ ನೋಡುತ್ತ.

ಈ ಮಳೆಗಾಲದಲ್ಲಿ ನಮ್ಮಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಾವ ಅಕ್ಕನನ್ನು ತಮ್ಮ ಮನೆಗೇ ಕರೆದೊಯ್ದು ರಸ್ತೆಬದಿಯ ಕಿಟಕಿಯ ಪಕ್ಕ ಮಂಚ ಹಾಕಿಸಿದರು. ಮಳೆಯ ಎರಚಲು ಹೊದಿಕೆಗೆ ಬಿದ್ದದ್ದೇ ತಡ, ಕಿಟಕಿಯ ನಾಲ್ಕೂ ಬದಿಗೆ ಸಿಲಿಕೋನ್ ಮೆತ್ತಿಬಿಟ್ಟರು. ಕಿಟಕಿ ತೆರೆಯುವ ಮಾತೇ ಇಲ್ಲ!

ಅಮ್ಮ ಊಟ ಬಿಟ್ಟರು. ಗಂಜಿ ತಂದರೆ ಮುಖ ತಿರುಗಿಸುತ್ತಿದ್ದರು. ನೋವಿರಬೇಕು ಎಂದುಕೊಂಡು ನಾನು ಡಾಕ್ಟರನ್ನೂ ಕರೆಸಿದೆ. ಕಡೆಗೆ ಅಮ್ಮನೇ ತಮ್ಮನ ಕೈ ಹಿಡಿದು, “ಯಾಕೋ ಬೀದಿಯಲ್ಲಿ ಯಾರೂ ಮಾತಾಡಲ್ಲ? ಆಟೋ ಇಲ್ಲ, ಚರ್ಚಿನ ಗಂಟೆ ಇಲ್ಲ. ನನ್ನನ್ನ ಆಗ್ಲೇ ಮಣ್ಣು ಮಾಡ್ಬಿಟ್ಟಿದೀರೇನೋ ಅನ್ಸುತ್ತೆ,” ಎಂದರು.

ಮಾವ ಎದ್ದು ಬ್ಲೇಡು ತಂದು ತಾವೇ ಮೆತ್ತಿದ್ದನ್ನು ಉದ್ದಕ್ಕೂ ಕೊಯ್ದರು. ಕಿಟಕಿ ಕಿರ್ರೆಂದು ತೆರೆಯಿತು. ಹಾರ್ನು, ತಮಿಳಿನ ಜಗಳ, ಮಳೆ, ಎಲ್ಲ ಒಟ್ಟಿಗೆ ಒಳಗೆ ಬಂತು. ಮಾವ ಕೋಣೆಯೊಳಗೇ ಕೊಡೆ ಬಿಚ್ಚಿ ಅಕ್ಕನ ಮಂಚಕ್ಕೆ ಅಡ್ಡ ಹಿಡಿದು ನಿಂತರು. ಅವರ ಅಂಗಿ ತೊಯ್ಯುತ್ತಿತ್ತು. ಈ ಮನುಷ್ಯನನ್ನು ನೋಡಿ ಇಷ್ಟು ವರ್ಷ ನಕ್ಕಿದ್ದ ನಾನು ಟವೆಲ್ಲು ತಂದು ಅವರ ಹೆಗಲಿಗೆ ಹಾಕಿದೆ.

ಕೆಳಗೆ ಸೊಪ್ಪಿನವಳು ಕೂಗಿದಳು. ಅಮ್ಮ ಕಣ್ಣು ತೆರೆದರು.

“ಮೆಂತ್ಯ ಇದ್ಯಾ ಕೇಳೋ. ಸಾರು ಮಾಡಿದ್ರೆ ಎರಡು ತುತ್ತು ತಿಂತೀನಿ.”

ಮಾವ ಮಳೆಗೆ ತಲೆ ಹೊರಹಾಕಿ ಸೊಪ್ಪಿನವಳನ್ನು ಕೂಗಿದರು.